ಮಡುವಿನ ಮೀಸಲು

“ಕೇಳಿರಪ್ಪೋ ಕೇಳಿ! ಯಾವ ಊರಾದರೂ ತನ್ನ ಗಡಿಯೊಳಗೆ ಒಂದು ಜಾಗವನ್ನು ಯಾರೂ ಮುಟ್ಟಬಾರದ ಮೀಸಲೆಂದು ಸಾರುವ ಹಕ್ಕು ಬೇಡಿದರೆ, ಆ ಊರಿನವನೊಬ್ಬ ಬಂದು ದೊರೆಯ ಮೂರು ಒಗಟು ಬಿಡಿಸಲಿ. ಬಿಡಿಸಿದರೆ ಹಕ್ಕು, ತಪ್ಪಿದರೆ ತಲೆ!”

ಹಿರೇಮಡುವಿನ ಚಾವಡಿಯಲ್ಲಿ ಡಂಗುರ ಕೇಳಿದವರೆಲ್ಲ ನೆಲ ನೋಡಿದರು. ಊರ ಹೊಳೆಯ ಮಡುವಿನಲ್ಲಿ ಬಸುರಿ ಮೀನುಗಳು ತತ್ತಿಯಿಡುವ ಕಾಲ. ದೊರೆಯ ಭಾವಮೈದುನ ಅಲ್ಲಿಗೆ ದೊಡ್ಡ ಬಲೆ ತರುವ ಸುದ್ದಿ ಬಂದಿತ್ತು. ಎದ್ದು ನಿಂತವನು ಬೆಸ್ತರ ಜವರ ಒಬ್ಬನೇ.

“ಮೀನಿಗೋಸ್ಕರ ತಲೆ ಕೊಡ್ತೀಯೇನೋ ಮಗಾ?” ಎಂದು ಅವ್ವ ಅತ್ತಳು.

“ಮಡು ಬರಿದಾದ್ರೆ ಮುಂದಿನ ವರ್ಷ ಯಾರ ಬಲೆಗೂ ಏನೂ ಬೀಳಲ್ಲ ಕಣವ್ವ,” ಎಂದ ಜವರ.

ಅರಮನೆಯಲ್ಲಿ ಬೇರೆ ಊರುಗಳಿಂದ ಬಂದ ಒಬ್ಬ ಪಂಡಿತ, ಒಬ್ಬ ಸಾಹುಕಾರ ಅವನಿಗಿಂತ ಮುಂದೆ ನಿಂತಿದ್ದರು. ದೊರೆ ಕೇಳಿದ: “ಗೋಡೆಯಿಲ್ಲ, ಕದವಿಲ್ಲ, ಕಾವಲಿಲ್ಲ. ಆದರೂ ಯಾರೂ ದಾಟುವುದಿಲ್ಲ. ಏನದು?”

“ತಮ್ಮ ಆಜ್ಞೆ, ಮಹಾಪ್ರಭು,” ಎಂದ ಪಂಡಿತ.

“ಅದನ್ನು ದಾಟಿದವರಿಂದಲೇ ನನ್ನ ಸೆರೆಮನೆ ತುಂಬಿದೆ,” ಎಂದ ದೊರೆ. ಪಂಡಿತನನ್ನು ಎಳೆದೊಯ್ದರು.

“ಹಾವಿನ ಹುತ್ತ,” ಎಂದ ಸಾಹುಕಾರ.

“ಹಾವಾಡಿಗ ಕೈ ಹಾಕುವುದಿಲ್ಲವೇ?” ಅವನನ್ನೂ ಎಳೆದೊಯ್ದರು. ಹೊರಗೆ ಕೊಡಲಿಯ ಸದ್ದಾಯಿತು. ಜವರ ಮುಂದೆ ಬಂದು ಕೈಮುಗಿದ.

“ಊರೆಲ್ಲ ಕೂತು ಒಪ್ಪಿ ಹಾಕಿಕೊಂಡ ಕಟ್ಟಳೆ, ಬುದ್ಧಿ. ತಾನೇ ಹಾಕಿದ ಗೆರೆಯನ್ನ ದಾಟೋಕೆ ಮನುಷ್ಯ ನಾಚ್ತಾನೆ.”

ದೊರೆ ತಲೆದೂಗಿದ. “ಎಲ್ಲರದಾಗಿದ್ದರೆ ಬದುಕುತ್ತದೆ, ಒಬ್ಬನದಾದರೆ ಸಾಯುತ್ತದೆ. ಏನದು?”

“ಹೊಳೆ, ಬುದ್ಧಿ. ಒಬ್ಬ ಕಟ್ಟಿ ಹಾಕ್ಕೊಂಡ್ರೆ ಅದು ಹೊಳೆಯಲ್ಲ, ಹೊಂಡ.”

“ತಿಂದರೆ ಒಂದು ಹೊತ್ತು, ತಿನ್ನದಿದ್ದರೆ ತಲೆಮಾರು?”

“ಬಿತ್ತನೆ ಬೀಜ. ನಮ್ಮ ಮಡುವಿನ ಮೀನೂ ಅದೇ, ಬುದ್ಧಿ.”

ಪಕ್ಕದಲ್ಲಿದ್ದ ಭಾವಮೈದುನನ ಮುಖ ಕಪ್ಪಿಟ್ಟಿತು. “ನೀನು ಗೆದ್ದೆ,” ಎಂದ ದೊರೆ, “ಮಡುವನ್ನು ನಿನಗೇ ಉಂಬಳಿ ಬಿಟ್ಟಿದ್ದೇನೆ.”

“ನನಗೆ ಬೇಡ ಬುದ್ಧಿ. ನನ್ನದಾದ್ರೆ ಅದೂ ಹೊಂಡವೇ. ಸಾರೋ ಹಕ್ಕು ಊರಿಗೆ ಕೊಡಿ.”

ಕೊಟ್ಟ ಮಾತಿನಂತೆ ದೊರೆ ಹಕ್ಕನ್ನು ಊರಿಗೆ ಕೊಟ್ಟ, ಜವರನ ಕೈಗೆ ತನ್ನ ಕಡಗ ತೊಡಿಸಿದ. ಹತ್ತು ಸಮಸ್ತರು ಸೇರಿ ಮಡುವಿಗೆ ಗಡಿಕಲ್ಲು ನೆಡಲು ಹೊರಟರು. ಜವರ ಬಲೆ ಬೀಸುತ್ತಿದ್ದ ಮನೆ ಮುಂದಿನ ನೀರೂ ಮೀಸಲಿಗೆ ಸೇರುತ್ತಿತ್ತು.

“ನಿನ್ನ ಪಾಲಿನ ನೀರು ಬಿಟ್ಟು ಕಲ್ಲು ನೆಡಿಸೋಣವೇನಪ್ಪಾ?” ಎಂದು ಗೌಡರು ಸಂಕೋಚದಿಂದ ಕೇಳಿದರು.

“ಬೇಡ ಗೌಡ್ರೇ. ನನಗೊಂದು ಸಂದು ಬಿಟ್ರೆ ನಾಳೆ ಎಲ್ರಿಗೂ ಒಂದೊಂದು ಸಂದು ಬೇಕಾಗುತ್ತೆ.”

ಮರುದಿನದಿಂದ ಅವನು ಬಲೆ ಹೊತ್ತು ಹೊಳೆಯ ಕೆಳಗೆ ಹರದಾರಿ ದೂರ ನಡೆಯತೊಡಗಿದ. ಅವ್ವ ಬುತ್ತಿ ಕಟ್ಟುತ್ತ ಗೊಣಗಿದಳು: “ಗೆದ್ದು ಬಂದೋನೇ ದೂರ ನಡೀಬೇಕಾಯ್ತಲ್ಲೋ.”

“ತಲೆ ಹೆಗಲ ಮೇಲಿದೆಯಲ್ಲವ್ವ,” ಎಂದ ಜವರ, “ನಡೀತೀನಿ.”