ಆಯುಧಪೂಜೆಗೆ ಗುಡಿಸಿದ ಫೋಲ್ಡರ್

ಚಿತ್ರದುರ್ಗದ ಒಂದು ಕಚೇರಿಯಲ್ಲಿ ರಸ್ತೆಗಳ ನಕ್ಷೆ ಮಾಡುವ ತಿಪ್ಪೇಶ ಎಂಬ ಎಂಜಿನಿಯರ್ ಇದ್ದ. ಹಳ್ಳಿ ಹುಡುಗ, ಕೈ ಬಲು ಚುರುಕು. ಬೇರೆಯವರು ಮೌಸ್ ಹಿಡಿಯುವಷ್ಟರಲ್ಲಿ ಇವನು ಒಂದು ತಿರುವು ಎಳೆದು ಮುಗಿಸುತ್ತಿದ್ದ. ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಹೇಳಿಕೊಳ್ಳುವಂಥದ್ದೇ ಬಿಡಿ.

ಆಯುಧಪೂಜೆಯ ದಿನ ಎಲ್ಲರೂ ಕಂಪ್ಯೂಟರಿನ ಧೂಳು ಒರೆಸಿ ಕುಂಕುಮ ಇಟ್ಟರು.

"ಹೊರಗೆ ಒರೆಸಿದರೆ ಸಾಕೇನ್ರೋ? ಒಳಗೂ ಗುಡಿಸಬೇಕು!" ಎಂದ ತಿಪ್ಪೇಶ, ಚೆಲ್ಲಾಪಿಲ್ಲಿಯಾಗಿದ್ದ ಫೋಲ್ಡರುಗಳನ್ನೆಲ್ಲ ಅತ್ತಿಂದಿತ್ತ ಸರಿಸಿ, ಹೊಸ ಹೆಸರಿಟ್ಟು ಜೋಡಿಸಿದ. ಆಮೇಲೆ ಪ್ರಸಾದದ ಮಂಡಕ್ಕಿ ತಿಂದು ಮರೆತೇಬಿಟ್ಟ.

ಹಬ್ಬ ಮುಗಿಸಿ ಬಂದು ಬೈಪಾಸ್ ರಸ್ತೆಯ ನಕ್ಷೆ ತೆರೆದರೆ, ರಸ್ತೆ ಇದೆ, ಕೆಳಗೆ ನೆಲವೇ ಇಲ್ಲ! ಪರದೆಯ ಮೇಲೆ ಏನೋ ಸೂಚನೆ ಬಂತು. ಅದನ್ನೆಲ್ಲ ಓದುತ್ತ ಕೂರುವ ಆಸಾಮಿ ಅವನಲ್ಲ. ಮುಚ್ಚಿದ.

"ಮೇಡಂ, ಓಬಳೇಶಣ್ಣನ ಸರ್ವೆ ಫೈಲ್ ಕರಪ್ಟ್ ಆಗಿದೆ!"

ಕಚೇರಿಯ ಯಜಮಾನತಿ ಸರ್ವಮಂಗಳಾ ಮೇಡಂ ಗಾಬರಿಯಾದರು. ಹಳ್ಳದ ಸೇತುವೆ ಎಷ್ಟು ಎತ್ತರ ಇರಬೇಕೆಂಬುದು ಆ ನೆಲದ ಅಳತೆಯ ಮೇಲೇ ನಿಂತಿತ್ತು. ಸರ್ವೆ ಮಾಡಿದ ಓಬಳೇಶನನ್ನು ಕರೆಸಿದರು.

"ನಾನು ಕೊಟ್ಟಾಗ ಸರಿಯಾಗೇ ಇತ್ತಲ್ಲ ಮೇಡಂ. ಜಾಲಿಮುಳ್ಳಲ್ಲಿ ಕಾಲು ಹರಕೊಂಡು ಅಳೆದಿದ್ದೀನಿ."

"ಹಂಗಾದ್ರೆ ನೆಲ ಎದ್ದು ಓಡಿಹೋಯ್ತೇನಣ್ಣ?" ತಿಪ್ಪೇಶ ನಕ್ಕ.

"ಹೋಗಿ ಮತ್ತೆ ಅಳೆದು ಬನ್ನಿ," ಎಂದರು ಮೇಡಂ. "ಇನ್ನೊಂದು ಸಲ ಹೀಗಾದರೆ ನಿಮಗೆ ಕೆಲಸ ಕೊಡೋದು ಕಷ್ಟ, ಓಬಳೇಶ್."

ಓಬಳೇಶ ಟ್ರೈಪಾಡ್ ಹೆಗಲಿಗೇರಿಸಿ ಕೆಳಗಿಳಿದ.

ತಿಪ್ಪೇಶ ನಕ್ಷೆಯ ಫೈಲನ್ನು ಕಂಪ್ಯೂಟರಿನಲ್ಲೇ ರಿಪೇರಿಗೆ ಹಾಕಿದ. 'ದೋಷವಿಲ್ಲ' ಎಂದಿತು. ಮತ್ತೆ ಹಾಕಿದ. ಮತ್ತೆ ಅದೇ ಮಾತು. ಬೇರೆ ದಾರಿ ಕಾಣದೆ, ನಕ್ಷೆ ಮತ್ತೆ ತೆರೆದು, ಅಂದು ಮುಚ್ಚಿದ್ದ ಸೂಚನೆಯನ್ನು ಕೊನೆಗೂ ಓದಿದ: 'ಹೇಳಿದ ಜಾಗದಲ್ಲಿ ಸರ್ವೆ ಫೈಲ್ ಸಿಗುತ್ತಿಲ್ಲ.'

ರಸ್ತೆಯ ನಕ್ಷೆ ನೆಲವನ್ನು ತನ್ನೊಳಗೆ ಇಟ್ಟುಕೊಂಡಿರುವುದಿಲ್ಲ. ಸರ್ವೆ ಫೈಲ್ ಇರುವ ವಿಳಾಸವನ್ನಷ್ಟೇ ನೆನಪಿಟ್ಟುಕೊಂಡು, ತೆರೆದಾಗಲೆಲ್ಲ ಅಲ್ಲಿಂದ ತರುತ್ತದೆ. ಆ ವಿಳಾಸದಿಂದ ಫೈಲನ್ನೇ ಯಾರೋ ಎತ್ತಿ ಬೇರೆ ಕಡೆ ಇಟ್ಟಿದ್ದರು.

ಅವನ ಕಣ್ಣು ಕಂಪ್ಯೂಟರಿನ ಮೇಲೆ ಒಣಗಿದ್ದ ಕುಂಕುಮಕ್ಕೆ ಹೋಯಿತು. ಅಂದು ಒಳಗೆ ಗುಡಿಸಿದವನು ತಾನೇ!

ನಕ್ಷೆಗೆ ಫೈಲಿನ ಹೊಸ ವಿಳಾಸ ತೋರಿಸಿದ. ಹಳ್ಳ, ದಿಣ್ಣೆ, ಬದುಗಳ ಸಮೇತ ನೆಲ ಬಂದು ರಸ್ತೆಯ ಕೆಳಗೆ ಕೂತಿತು.

"ಶಹಬ್ಬಾಸ್!" ಹಿಂದೆ ನಿಂತಿದ್ದ ಮೇಡಂ ಬೆನ್ನು ತಟ್ಟಿದರು. "ಕೆಟ್ಟ ಫೈಲಿಗೂ ಜೀವ ಕೊಟ್ಟೆಯಲ್ಲೋ!"

ಅವನು ಆಸೆಪಟ್ಟಿದ್ದ ಮಾತೇ ಅದು. ಸುಮ್ಮನೆ ನಕ್ಕರೆ ಸಾಕಿತ್ತು, ಆಫೀಸೆಲ್ಲ ಅವನದೇ ಹೆಸರು. ಅಷ್ಟರಲ್ಲಿ ಕೆಳಗೆ, ಸಾಮಾನೆಲ್ಲ ಕಟ್ಟಿ ಮುಗಿಸಿದ ಓಬಳೇಶ ಬೈಕಿಗೆ ಕಿಕ್ ಹೊಡೆಯುವ ಸದ್ದು ಕೇಳಿಸಿತು.

"ಫೈಲ್ ಕೆಟ್ಟೇ ಇರಲಿಲ್ಲ ಮೇಡಂ. ಹಬ್ಬದ ದಿನ ಅದರ ಜಾಗ ಬದಲಿಸಿದವನು ನಾನೇ," ಎಂದವನೇ ಮೆಟ್ಟಿಲಿಳಿದು ಓಡಿದ.

"ಇಳಿಸಣ್ಣೋ ಟ್ರೈಪಾಡು! ನಿನ್ನ ನೆಲ ಸಿಕ್ತು. ಕಳೆದಿದ್ದವನು ನಾನು."

ಓಬಳೇಶ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಬೈಕ್ ಆಫ್ ಮಾಡಿದ.

"ಬರೋ ವರ್ಷ ಪೂಜೆಗೆ ನೀನು ಬೂದುಗುಂಬಳ ಒಡಿ, ಸಾಕು. ಒಳಗೆ ಗುಡಿಸೋಕೆ ಮಾತ್ರ ಹೋಗಬೇಡಪ್ಪ."

ನೀತಿ: ಕೆಟ್ಟಿತು ಎಂದು ಇನ್ನೊಬ್ಬರತ್ತ ಬೆರಳು ತೋರಿಸುವ ಮೊದಲು, ನಮ್ಮ ಕೈ ಏನನ್ನು ಸರಿಸಿತ್ತು ಎಂದು ನೆನಪು ಮಾಡಿಕೊಳ್ಳಬೇಕು. ಕೆಲಸದಲ್ಲಿ ಚುರುಕಾದವನು ತಪ್ಪು ಒಪ್ಪಿಕೊಳ್ಳುವುದರಲ್ಲೂ ಚುರುಕಾಗಿರಬೇಕು.