ಮೂರು ಹಸು, ಒಂದು ಮಡಿಬಟ್ಟೆ

ಹೊಳೆದಂಡೆಯ ಆ ಮಠದಲ್ಲಿ ಇದ್ದದ್ದು ಇಬ್ಬರು ಮನುಷ್ಯರು, ಮೂರು ಹಸುಗಳು.

ಗುರುವನ್ನು ಜನ ಅಜ್ಜಯ್ಯ ಅನ್ನುತ್ತಿದ್ದರು. ಶಿಷ್ಯ ಪರ್ವತಯ್ಯ, ನಲವತ್ತು ದಾಟಿದ ಮೇಲೆ ಮಗ್ಗ ಬಿಟ್ಟು ಬಂದವನು.

“ಹುಣ್ಣಿಮೆ ತನಕ ಹಸುಗಳನ್ನು ಸರಿಯಾಗಿ ನೋಡಿಕೋ. ಆಮೇಲೆ ದೀಕ್ಷೆ,” ಎಂದಿದ್ದರು ಅಜ್ಜಯ್ಯ.

ಆ ದಿನಕ್ಕೆಂದೇ ಪರ್ವತಯ್ಯ ಕೊನೆಯ ಸಲ ಮಗ್ಗಕ್ಕೆ ಕೂತು ಒಂದು ಕಾವಿಬಟ್ಟೆ ನೇಯ್ದು ತಂದಿದ್ದ. ಅದು ಅಜ್ಜಯ್ಯನ ಪೆಟ್ಟಿಗೆಯಲ್ಲಿತ್ತು.

ಹುಣ್ಣಿಮೆಗೆ ಎಂಟು ದಿನ ಇರುವಾಗ ಕೆಂದಿ ಅನ್ನುವ ಹಸುವಿಗೆ ಕೆಚ್ಚಲು ಬಾವು ಬಂತು. ಹಾಲು ಒಡೆದು ಗೆಡ್ಡೆಗೆಡ್ಡೆಯಾಗಿ ಇಳಿಯಿತು. ದನದ ಡಾಕ್ಟರು ಬಂದು ಮದ್ದು ಕೊಟ್ಟು ಹೋದರು.

ಮೂರು ದಿನ ಇರುವಾಗ ಬೆಳ್ಳಿಗೂ ಬಂತು.

ಪರ್ವತಯ್ಯನಿಗೆ ದಿಕ್ಕೇ ತೋಚಲಿಲ್ಲ. ಉಳಿದದ್ದು ಚುಕ್ಕಿ ಒಂದೇ. ಅದೂ ಮಲಗಿದರೆ ದೀಕ್ಷೆ ಎಲ್ಲಿಯ ಮಾತು? ಅವನು ಓಡಿಹೋಗಿ ಅಜ್ಜಯ್ಯನ ಮುಂದೆ ನಿಂತ.

“ಅಜ್ಜಯ್ಯಾ, ನಾನೇನು ತಪ್ಪು ಮಾಡಿದೆ?”

“ಏನು ಮಾಡ್ತೀಯ ಅದನ್ನ ಹೇಳು.”

“ಸ್ನಾನ ಮಾಡದೆ ಕೊಟ್ಟಿಗೆಗೆ ಕಾಲಿಡಲ್ಲ. ಕೆಚ್ಚಲು ತೊಳೀತೀನಿ. ಆಮೇಲೆ ಮಡಿಬಟ್ಟೆಯಿಂದ ಒರೆಸ್ತೀನಿ. ಆ ಬಟ್ಟೆನ ಬೇರೆ ಯಾರೂ ಮುಟ್ಟಲ್ಲ.”

“ಯಾವ ಹಸು ಮೊದಲು?”

“ಕೆಂದಿ. ಪಾಪ, ಅದಕ್ಕೆ ನೋವಲ್ಲವಾ.”

“ಆಮೇಲೆ?”

“ಬೆಳ್ಳಿ. ಕಡೆಗೆ ಚುಕ್ಕಿ.”

“ಬಟ್ಟೆ?”

“ಅದೇ ಬಟ್ಟೆ. ಮಡಿ ಅಲ್ಲವಾ ಅಜ್ಜಯ್ಯಾ.”

ಅಜ್ಜಯ್ಯ ಎದ್ದು ಕೊಟ್ಟಿಗೆಗೆ ಬಂದರು. ಬೆಳಗಿನ ಹಾಲು ಕರೆಯುವುದು ಅರ್ಧಕ್ಕೆ ನಿಂತಿತ್ತು. ಕೆಂದಿಯನ್ನೂ ಬೆಳ್ಳಿಯನ್ನೂ ಒರೆಸಿದ ಬಟ್ಟೆ ಗೂಟದ ಮೇಲೆ ತೊಟ್ಟಿಕ್ಕುತ್ತಿತ್ತು. ಅದನ್ನು ತೆಗೆದು ಪರ್ವತಯ್ಯನ ಕೈಗೆ ಕೊಟ್ಟರು.

“ಬೆವೆತಿದ್ದೀಯ. ಮುಖ ಒರೆಸಿಕೋ.”

ಪರ್ವತಯ್ಯ ಎರಡು ಹೆಜ್ಜೆ ಹಿಂದೆ ಸರಿದ.

“ಮಡಿಬಟ್ಟೆ ಅಂದೆಯಲ್ಲ?”

“ಮಡಿಯೇ ಅಜ್ಜಯ್ಯಾ. ಆದರೆ…”

“ಆ ‘ಆದರೆ’ ಹಸುಗಳಿಗೂ ಇತ್ತು. ಬಾಯಿ ಇರಲಿಲ್ಲ.”

ಪರ್ವತಯ್ಯ ಬಟ್ಟೆ ನೋಡಿದ, ಚುಕ್ಕಿಯನ್ನು ನೋಡಿದ. ಅವನ ತಲೆ ಸಿಕ್ಕುಗಟ್ಟಿದ ನೂಲಿನಂತಾಗಿತ್ತು. ನೇಕಾರನಿಗೆ ಸಿಕ್ಕು ಹೊಸದಲ್ಲ, ಆದರೆ ಇದರ ಎಳೆ ಎಲ್ಲಿ ಹಿಡಿಯಬೇಕೋ ತಿಳಿಯಲಿಲ್ಲ.

“ಹಾಗಾದ್ರೆ ಮಡಿ ಅನ್ನೋದು ಸುಳ್ಳಾ?”

“ನಾನು ಹಾಗಂದೆನಾ?”

“ಹಾಗಾದ್ರೆ ನಿಜಾನಾ?”

“ಚುಕ್ಕಿನ ಕೇಳು.”

ಚುಕ್ಕಿ ಮೆಲುಕು ಹಾಕುತ್ತಿತ್ತು.

“ಕೆಂದಿ ಮೇಲೆ ಕರುಣೆ ತೋರಿಸಿದ್ದೂ ತಪ್ಪಾ ಅಜ್ಜಯ್ಯಾ?”

ಅಜ್ಜಯ್ಯ ಒಳಗೆ ಹೋಗಿ ಪೆಟ್ಟಿಗೆ ತೆರೆದರು. ಹೊರಗೆ ಬಂದಾಗ ಕೈಯಲ್ಲಿ ಕಾವಿಬಟ್ಟೆ ಇತ್ತು. ಪರ್ವತಯ್ಯ ಕೈ ಮುಗಿದು ಮುಂದೆ ಬಂದ. ಹುಣ್ಣಿಮೆಗೆ ಇನ್ನೂ ಮೂರು ದಿನ ಇತ್ತು.

ಅಜ್ಜಯ್ಯ ಬಟ್ಟೆಯ ಅಂಚು ಹಲ್ಲಿನಲ್ಲಿ ಕಚ್ಚಿ ಪರ್‍ರನೆ ಹರಿದರು. ಮಡಚಿ ಇನ್ನೊಮ್ಮೆ ಹರಿದರು. ತಾನು ನೇಯ್ದ ಒಂದೊಂದು ಎಳೆ ಕಡಿಯುವ ಸದ್ದೂ ಪರ್ವತಯ್ಯನಿಗೆ ಕೇಳಿಸಿತು. ಅವನ ಕಣ್ಣು ತುಂಬಿತು.

ನಾಲ್ಕು ತುಂಡಾಯಿತು.

“ಇದು ಚುಕ್ಕಿಗೆ. ಅದನ್ನ ಮೊದಲು ಒರೆಸಿ ಮೊದಲು ಕರೆ. ಇದು ಬೆಳ್ಳಿಗೆ, ಇದು ಕೆಂದಿಗೆ. ನೋವಿರೋವು ಕಡೆಗೆ. ಒಂದರದ್ದು ಇನ್ನೊಂದಕ್ಕೆ ತಾಗಬಾರದು. ದಿನಾ ಕುದಿಸಿ ಬಿಸಿಲಿಗೆ ಹಾಕು.”

ಪರ್ವತಯ್ಯ ಮೂರು ತುಂಡು ಎದೆಗೆ ಅವಚಿಕೊಂಡ.

“ಅಜ್ಜಯ್ಯಾ, ನನ್ನ ದೀಕ್ಷೆ?”

ಅಜ್ಜಯ್ಯ ನಾಲ್ಕನೆಯ ತುಂಡನ್ನು ಅವನ ಹೆಗಲಿಗೆ ಹಾಕಿದರು.

“ಕೊಟ್ಟೆನಲ್ಲ. ಹೋಗು, ಕೈ ತೊಳೆದುಕೊಂಡು ಇದರಲ್ಲಿ ಒರೆಸಿಕೋ, ಚುಕ್ಕಿ ಕಾಯ್ತಾ ಇದೆ.”