ಶಾಫ್ಟಿನಿಂದ ಮೇಲೆ ಬಂದ ಕಪ್ಪೆ

ಚಿನ್ನದ ಗಣಿ ಮುಚ್ಚಿಹೋದ ಊರೊಂದರ ದೊಡ್ಡ ಮೋರಿಯಲ್ಲಿ ಒಂದು ಹೆಗ್ಗಣವಿತ್ತು. ಹರಕು ಗೋಣಿ, ಪ್ಲಾಸ್ಟಿಕ್, ಒಣಹುಲ್ಲು ಎಲ್ಲ ತುರುಕಿ ಮೋರಿಯನ್ನೇ ಬೆಚ್ಚನೆಯ ಮನೆ ಮಾಡಿಕೊಂಡಿತ್ತು. ಮೋಡ ಕವಿದ ಒಂದು ಸಂಜೆ ಗಣಿಯ ಕಡೆಯಿಂದ ಕಪ್ಪೆಯೊಂದು ಕುಪ್ಪಳಿಸುತ್ತ ಬಂತು.

“ಹೆಗ್ಗಣಣ್ಣ, ಮೋರಿ ತೆರವು ಮಾಡು. ಮಳೆನೀರು ಹೋಗಲು ದಾರಿ ಬೇಕು.”

ಹೆಗ್ಗಣ ಮೀಸೆ ತೀಡಿಕೊಂಡಿತು. “ನೀನು ಊರಿಗೆ ಹೊಸಬನಿರಬೇಕು. ಇಲ್ಲಿಯ ನೀರಿಗೆ ಮೋರಿ ಯಾಕೆ? ಗಣಿಗೆ ಇಳಿಯುವ ಬಾವಿ, ಆ ಶಾಫ್ಟ್ ಇದೆ, ಪಾತಾಳದಷ್ಟು ಆಳ. ನಮ್ಮಜ್ಜನ ಕಾಲದಿಂದಲೂ ಎಷ್ಟು ಮಳೆ ಸುರಿದರೂ ಅದೇ ಕುಡಿದುಬಿಡುತ್ತದೆ.”

“ಆಗ ಪಂಪುಗಳು ಹಗಲೂ ರಾತ್ರಿ ಅದರ ನೀರನ್ನು ಮೇಲೆತ್ತುತ್ತಿದ್ದವು. ಗಣಿ ಮುಚ್ಚಿದ ಮೇಲೆ ಅವೂ ನಿಂತವು.”

“ಅದೆಲ್ಲ ನಿನಗೆ ಹೇಗೆ ಗೊತ್ತು?”

“ನಾನು ಇದ್ದದ್ದೇ ಆ ಶಾಫ್ಟಿನ ತಳದಲ್ಲಿ.”

ಹೆಗ್ಗಣಕ್ಕೆ ನಗು ತಡೆಯಲಾಗಲಿಲ್ಲ. “ಅಷ್ಟು ಆಳದಿಂದ ಯಾವ ಕಪ್ಪೆ ಮೇಲಕ್ಕೆ ಹಾರೀತು?”

“ನಾನು ಹಾರಲಿಲ್ಲ, ಅಣ್ಣ,” ಎಂದಿತು ಕಪ್ಪೆ. “ನೀರೇ ನನ್ನನ್ನು ಶಾಫ್ಟಿನ ಬಾಯಿಯವರೆಗೆ ಎತ್ತಿ ತಂದಿತು.”

ಹೆಗ್ಗಣದ ನಗು ಅಲ್ಲೇ ನಿಂತಿತು. ಮೊದಲ ಹನಿ ಬೀಳುವ ಹೊತ್ತಿಗೆ ಅದು ತನ್ನ ಹಾಸಿಗೆಯನ್ನೇ ಹಲ್ಲಿನಲ್ಲಿ ಕಚ್ಚಿ ಮೋರಿಯಿಂದ ಹೊರಗೆಳೆಯುತ್ತಿತ್ತು.